ವಾಂತಿ-ಭೇದಿ ಪ್ರಕರಣಗಳಲ್ಲಿ ರೋಗಾಣುವಿನ ಪತ್ತೆ: ನಲ್ಲೂರು ಮತ್ತು ಸುತ್ತಲಿನ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ

ಮಳೆಗಾಲದ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಾಲಯದ ಕಿಟಕಿಯ ಮುಂದೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಯೊಂದಿದೆ. “ಮಲ ಪರೀಕ್ಷೆಗೆ ಕೊಟ್ಟು ಎರಡು ದಿನವಾಯಿತು, ವರದಿ ಏಕೆ ಬಂದಿಲ್ಲ?” ರಕ್ತದ ಸಕ್ಕರೆ ಅಂಶವನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುವ ಪ್ರಯೋಗಾಲಯವು ಭೇದಿಯ ಕಾರಣವನ್ನು ತಿಳಿಸಲು ಮೂರು ದಿನ ತೆಗೆದುಕೊಳ್ಳುವುದು ನಾಗರಿಕರಿಗೆ ನಿರ್ಲಕ್ಷ್ಯವೆಂದು ತೋರುವುದು ಸಹಜ. ಈ ವಿಳಂಬದ ಬಹುಭಾಗಕ್ಕೆ ರೋಗಾಣುವಿನ ಸ್ವಭಾವವೇ ಕಾರಣವಾಗಿದ್ದು, ಉಳಿದ ಭಾಗವು ಮಾದರಿಯನ್ನು ಯಾವಾಗ, ಹೇಗೆ ನೀಡಲಾಯಿತೆಂಬುದನ್ನು ಅವಲಂಬಿಸಿರುತ್ತದೆ. ಚನ್ನಗಿರಿ ತಾಲ್ಲೂಕಿನ ನಲ್ಲೂರು ಭಾಗದ ಹಾಗೂ ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಾಗರಿಕರು ಈ ಎರಡನ್ನೂ ಅರಿತಿರುವುದು ಅವಶ್ಯಕ.

ಕವಾಡಿಗರಹಟ್ಟಿಯ ಪ್ರಕರಣ

ನೆರೆಯ ಚಿತ್ರದುರ್ಗ ನಗರದ ಅಂಚಿನಲ್ಲಿರುವ ಕವಾಡಿಗರಹಟ್ಟಿಯಲ್ಲಿ 2023ರ ಜುಲೈ ಅಂತ್ಯ ಹಾಗೂ ಆಗಸ್ಟ್ ಮೊದಲ ವಾರದಲ್ಲಿ ನಲ್ಲಿ ನೀರು ಸೇವಿಸಿದ ನಿವಾಸಿಗಳು ವಾಂತಿ-ಭೇದಿಯಿಂದ ಅಸ್ವಸ್ಥರಾದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ದಾಖಲಾಗಿ, ಹಲವರು ಪ್ರಾಣ ಕಳೆದುಕೊಂಡರು. ಆರಂಭದ ದಿನಗಳಲ್ಲಿ ನೀರಿಗೆ ವಿಷ ಬೆರೆಸಲಾಗಿದೆಯೆಂಬ ಶಂಕೆಯೂ ಎದ್ದಿತ್ತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಾಲರಾ ರೋಗಾಣು ಕಂಡುಬಂದ ನಂತರ ಪ್ರಕರಣದ ಸ್ವರೂಪವೇ ಸ್ಪಷ್ಟವಾಯಿತು.

ಈ ವ್ಯತ್ಯಾಸವನ್ನು ನಾಗರಿಕರು ಗಮನಿಸಬೇಕು. ವಿಷವೆಂದಾದಲ್ಲಿ ಹುಡುಕಬೇಕಾದುದು ಅದನ್ನು ಬೆರೆಸಿದ ವ್ಯಕ್ತಿಯನ್ನು. ಕಾಲರಾ ಎಂದಾದಲ್ಲಿ ಹುಡುಕಬೇಕಾದುದು ಚರಂಡಿಯ ಪಕ್ಕದಲ್ಲಿ ಒಡೆದಿರುವ ಕೊಳವೆಯನ್ನು, ತೊಳೆಯದ ಟ್ಯಾಂಕನ್ನು, ಕ್ಲೋರಿನ್ ಹಾಕದೆ ಬಿಟ್ಟ ದಿನವನ್ನು. ಮೊದಲ ಶಂಕೆಯ ಮೇಲೆ ಊರಿನ ನೆರೆಹೊರೆಯವರು ಪರಸ್ಪರ ಅನುಮಾನಿಸುವಂತಾಗುತ್ತದೆ. ಅಷ್ಟರಲ್ಲಿ ಅದೇ ಕೊಳವೆಯಿಂದ ಅದೇ ನೀರು ಹರಿಯುತ್ತಿರುತ್ತದೆ. ರೋಗಾಣುವಿನ ಹೆಸರು ಎಷ್ಟು ಬೇಗ ತಿಳಿಯುವುದೋ ಅಷ್ಟು ಬೇಗ ಆ ನೀರನ್ನು ನಿಲ್ಲಿಸಲು ಸಾಧ್ಯ.

ಇಂತಹ ಘಟನೆಗಳು ಹಿಂದುಳಿದ ಹಟ್ಟಿಗಳಿಗೆ ಸೀಮಿತವೆಂದು ಭಾವಿಸಲಾಗದು. 2022ರ ಮೇ-ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವುಗಳು ಸಂಭವಿಸಿದ್ದವು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರ ವಸತಿ ನಿಲಯದ 47 ವಿದ್ಯಾರ್ಥಿನಿಯರು ಆಸ್ಪತ್ರೆಗೆ ದಾಖಲಾಗಿ, ಕಾಲರಾ ಶಂಕೆಯ ಮೇಲೆ ಅವರ ಮಲದ ಮಾದರಿಗಳನ್ನು ಪರೀಕ್ಷೆಗೊಳಪಡಿಸಲಾಯಿತು. ವೈದ್ಯರಾಗಲಿರುವವರ ಅಡುಗೆಮನೆಗೂ ಈ ಶಂಕೆ ತಪ್ಪಲಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವ ಕಾರ್ಯ

ಮನುಷ್ಯನ ಕರುಳು ಸ್ವಭಾವತಃ ಬ್ಯಾಕ್ಟೀರಿಯಾಗಳ ವಾಸಸ್ಥಾನ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ವೈದ್ಯರು ಶಿಶುಗಳ ಮಲದಲ್ಲಿ ಗುರುತಿಸಿದ, ಈಗ ಇ. ಕೋಲಿ ಎಂದು ಕರೆಯಲಾಗುವ ಬ್ಯಾಕ್ಟೀರಿಯಾವು ಆರೋಗ್ಯವಂತರೆಲ್ಲರ ಕರುಳಿನಲ್ಲಿಯೂ ಇರುತ್ತದೆ. ಆದುದರಿಂದ ಮಲದ ವರದಿಯಲ್ಲಿ ಇ. ಕೋಲಿ ಬೆಳೆದಿದೆಯೆಂದು ಕಂಡ ಮಾತ್ರಕ್ಕೆ ಗಾಬರಿಗೊಳ್ಳುವ ಅಗತ್ಯವಿಲ್ಲ. ಅದರ ಕೆಲವು ತಳಿಗಳು ಮಾತ್ರ ರೋಗಕಾರಕ. ಕೋಟ್ಯಂತರ ನಿರುಪದ್ರವಿ ಜೀವಿಗಳ ನಡುವೆ ಅಡಗಿರುವ ಒಂದು ಉಪದ್ರವಿಯನ್ನು ಬೇರ್ಪಡಿಸುವುದೇ ಪ್ರಯೋಗಾಲಯದ ನಿಜವಾದ ಕೆಲಸ. ಸೂಕ್ಷ್ಮದರ್ಶಕದ ಅಡಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಕಡ್ಡಿಗಳಂತೆ ಕಾಣುವುದರಿಂದ ಕಣ್ಣಿನ ನೋಟವೊಂದೇ ಸಾಲದು.

ಆದ್ದರಿಂದ ಮಾದರಿಯನ್ನು ಪೋಷಕಾಂಶಗಳುಳ್ಳ ಗಟ್ಟಿ ಮಾಧ್ಯಮದ ತಟ್ಟೆಗಳ ಮೇಲೆ ಹಚ್ಚಿ, ದೇಹದ ಉಷ್ಣತೆಯಲ್ಲಿ ಒಂದು ರಾತ್ರಿ ಇಡಲಾಗುತ್ತದೆ. ಇದನ್ನೇ ಕಲ್ಚರ್ ಪರೀಕ್ಷೆ ಎನ್ನುವುದು. ಮ್ಯಾಕಾಂಕಿ ಮಾಧ್ಯಮದಲ್ಲಿ ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವ ಇ. ಕೋಲಿಯಂತಹವು ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತವೆ. ವಿಷಮಶೀತ ಜ್ವರ ತರುವ ಸಾಲ್ಮೊನೆಲ್ಲಾ ಮತ್ತು ರಕ್ತಭೇದಿ ತರುವ ಶಿಗೆಲ್ಲಾ ಆ ಸಕ್ಕರೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲವಾದ್ದರಿಂದ ಬಣ್ಣವಿಲ್ಲದೆ ಉಳಿಯುತ್ತವೆ. ಕಾಲರಾ ರೋಗಾಣುವಿಗೆ ಬೇರೆಯೇ ತಟ್ಟೆ ಬೇಕು. ಕ್ಷಾರೀಯವಾದ ಪೆಪ್ಟೋನ್ ನೀರಿನಲ್ಲಿ ಆರೆಂಟು ಗಂಟೆ ಬೆಳೆಸಿ ನಂತರ ಟಿ.ಸಿ.ಬಿ.ಎಸ್. ಎಂಬ ಹಸಿರು ಮಾಧ್ಯಮದ ಮೇಲೆ ಹಚ್ಚಿದಲ್ಲಿ ಅದು ಹಳದಿ ಚುಕ್ಕೆಗಳನ್ನು ಮೂಡಿಸುತ್ತದೆ. ಎಲ್ಲ ಮಾದರಿಗಳಿಗೂ ಈ ತಟ್ಟೆಯನ್ನು ಬಳಸುವ ವಾಡಿಕೆಯಿಲ್ಲ. ವೈದ್ಯರು ಬೇಡಿಕೆ ಪತ್ರದಲ್ಲಿ ಕಾಲರಾ ಶಂಕೆಯನ್ನು ನಮೂದಿಸದಿದ್ದಲ್ಲಿ ಅದನ್ನು ಹುಡುಕದೇ ಇರುವ ಸಂಭವವೂ ಉಂಟು. ಆದಕಾರಣ “ಅಕ್ಕಿ ಗಂಜಿಯ ತಿಳಿಯಂತೆ ಹೋಗುತ್ತಿದೆ”, “ನಮ್ಮ ಓಣಿಯಲ್ಲಿ ಇನ್ನೂ ನಾಲ್ವರಿಗೆ ಆಗಿದೆ” ಎಂಬ ಸಂಗತಿಗಳನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು.

ಎರಡನೆಯ ದಿನ ಸಂಶಯಾಸ್ಪದ ಚುಕ್ಕೆಯೊಂದನ್ನು ಆರಿಸಿ, ಅದು ಯಾವ ಸಕ್ಕರೆಗಳನ್ನು ಬಳಸುತ್ತದೆ, ಅನಿಲ ಬಿಡುತ್ತದೆಯೇ, ಚಲಿಸುತ್ತದೆಯೇ ಎಂಬುದನ್ನು ನಳಿಕೆಗಳಲ್ಲಿ ಪರೀಕ್ಷಿಸಲಾಗುತ್ತದೆ. ಮೂರನೆಯ ದಿನ ನಿರ್ದಿಷ್ಟ ಪ್ರತಿಕಾಯವುಳ್ಳ ಹನಿಯೊಂದಿಗೆ ಗಾಜಿನ ಪಟ್ಟಿಯ ಮೇಲೆ ಬೆರೆಸಿ ಗುಂಪುಗೂಡುವುದೇ ಎಂದು ನೋಡಲಾಗುತ್ತದೆ. ಯಾವ ಔಷಧಿಗೆ ಮಣಿಯುವುದೆಂಬ ಪರೀಕ್ಷೆಗೆ ಮತ್ತೊಂದು ರಾತ್ರಿ ಬೇಕು. ದೊಡ್ಡ ಆಸ್ಪತ್ರೆಗಳಲ್ಲಿರುವ ಯಂತ್ರಗಳು ಚುಕ್ಕೆ ಬೆಳೆದ ಮೇಲಿನ ಕೆಲಸವನ್ನು ಬಹಳ ಶೀಘ್ರಗೊಳಿಸಿವೆಯಾದರೂ, ಚುಕ್ಕೆ ಬೆಳೆಯುವ ಆ ಮೊದಲ ರಾತ್ರಿಯನ್ನು ಅವು ಕಡಿಮೆ ಮಾಡಲಾರವು.

ಗಾಜಿನ ಪಟ್ಟಿಯ ಈ ಹಳೆಯ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ. 1992ರಲ್ಲಿ ಅಂದಿನ ಮದರಾಸಿನಲ್ಲಿ ಕಾಲರಾದಂತೆಯೇ ಕಾಣುವ ರೋಗ ಹರಡಿದಾಗ, ದೊರೆತ ರೋಗಾಣುವು ಅದುವರೆಗೆ ಕಾಲರಾ ಪಿಡುಗಿಗೆ ಕಾರಣವೆಂದು ತಿಳಿದಿದ್ದ ಓ1 ಗುಂಪಿನ ಹನಿಯೊಂದಿಗೆ ಗುಂಪುಗೂಡಲಿಲ್ಲ. ಓ139 ಎಂಬ ಹೊಸ ಗುಂಪು ಪತ್ತೆಯಾದುದು ಹೀಗೆ.

ಮಾದರಿ ನೀಡುವಾಗ

ಪ್ರಯೋಗಾಲಯವು ಎಷ್ಟೇ ಸುಸಜ್ಜಿತವಾಗಿದ್ದರೂ ಸತ್ತ ರೋಗಾಣುವನ್ನು ಬೆಳೆಸಲಾರದು. ನಮ್ಮ ಭಾಗದಲ್ಲಿ ಭೇದಿಯಾದೊಡನೆ ಔಷಧಿ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿ, ಗುಣವಾಗದಿದ್ದಲ್ಲಿ ಮೂರನೆಯ ದಿನ ಆಸ್ಪತ್ರೆಗೆ ಹೋಗುವ ರೂಢಿ ಇದೆ. ಆ ಮಾತ್ರೆಗಳಲ್ಲಿ ಆಂಟಿಬಯಾಟಿಕ್ ಇದ್ದಲ್ಲಿ ತಟ್ಟೆಯ ಮೇಲೆ ಏನೂ ಬೆಳೆಯದೆ, ರೋಗಾಣು ಕಂಡುಬಂದಿಲ್ಲವೆಂಬ ವರದಿ ಬರುವ ಸಾಧ್ಯತೆ ಹೆಚ್ಚು. ರೋಗಿಗೆ ಇದರಿಂದ ಆಗುವ ಹಾನಿಗಿಂತ ಊರಿಗೆ ಆಗುವ ಹಾನಿ ದೊಡ್ಡದು: ಮೊದಲ ನಾಲ್ಕು ರೋಗಿಗಳ ವರದಿ ಹೀಗೆ ಬರಿದಾದಲ್ಲಿ ಐದನೆಯವರು ಬರುವವರೆಗೆ ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮಾದರಿಯನ್ನು ರೋಗದ ಆರಂಭದಲ್ಲಿಯೇ, ಆಂಟಿಬಯಾಟಿಕ್ ಸೇವಿಸುವ ಮೊದಲು, ಅಗಲ ಬಾಯಿಯ ಶುಚಿಯಾದ ಒಣ ಡಬ್ಬಿಯಲ್ಲಿ ನೀಡತಕ್ಕದ್ದು. ಒಂದೆರಡು ಚಮಚದಷ್ಟು ಸಾಕು. ಮೂತ್ರ ಸೇರಬಾರದು. ಫಿನಾಯಿಲ್ ಅಥವಾ ಬ್ಲೀಚಿಂಗ್ ಪುಡಿ ಬಳಸಿದ ಪಾತ್ರೆಯಿಂದ ತೆಗೆದ ಮಾದರಿಯು ನಿಷ್ಪ್ರಯೋಜಕ. ಒಂದೆರಡು ಗಂಟೆಯೊಳಗೆ ಪ್ರಯೋಗಾಲಯ ತಲುಪುವುದು ಉತ್ತಮವಾದರೂ, ನಲ್ಲೂರಿನಂತಹ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ದಾವಣಗೆರೆಗೆ ಹೋಗಬೇಕಾದ ಮಾದರಿಗೆ ಇದು ಕಷ್ಟಸಾಧ್ಯ. ಇದಕ್ಕಾಗಿಯೇ 1964ರಲ್ಲಿ ಕ್ಯಾರಿ ಮತ್ತು ಬ್ಲೇರ್ ಎಂಬುವರು ರೂಪಿಸಿದ ಸಾಗಣೆ ಮಾಧ್ಯಮವಿದ್ದು, ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿಟ್ಟಲ್ಲಿ ಕಾಲರಾ ರೋಗಾಣುವು ಹಲವು ದಿನ ಜೀವಂತವಾಗಿ ಉಳಿಯುತ್ತದೆ. ದೂರದ ಊರಿನಿಂದ ಬಂದಿರುವುದಾಗಿ ತಿಳಿಸಿ, ಮಾದರಿಯನ್ನು ಈ ಮಾಧ್ಯಮದಲ್ಲಿ ಕಳುಹಿಸುವಂತೆ ಕೋರಲು ನಾಗರಿಕರು ಹಿಂಜರಿಯಬಾರದು.

ಒಂದು ಮುಖ್ಯ ಎಚ್ಚರಿಕೆ: ಮಾದರಿಗಾಗಲಿ ವರದಿಗಾಗಲಿ ಚಿಕಿತ್ಸೆಯನ್ನು ತಡೆಯತಕ್ಕದ್ದಲ್ಲ. ಕಾಲರಾ ರೋಗಿ ಸಾಯುವುದು ದೇಹದ ನೀರು ಮತ್ತು ಲವಣ ಬರಿದಾಗುವುದರಿಂದ. ತೀವ್ರ ಕಾಲರಾಗೆ ಚಿಕಿತ್ಸೆ ದೊರೆಯದಿದ್ದಲ್ಲಿ ಅರ್ಧದಷ್ಟು ರೋಗಿಗಳು ಸಾಯಬಹುದಾಗಿದ್ದು, ಸಕಾಲದಲ್ಲಿ ನೀರು-ಲವಣ ಪೂರೈಸಿದಲ್ಲಿ ಈ ಪ್ರಮಾಣ ಶೇ. 1ಕ್ಕಿಂತ ಕೆಳಗಿಳಿಯುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಸಕ್ಕರೆ-ಉಪ್ಪಿನ ದ್ರಾವಣವನ್ನು ಬಾಯಿಯ ಮೂಲಕವೇ ನೀಡಿ ಇದನ್ನು ತೋರಿಸಿಕೊಟ್ಟರು. ಮನೆಯಲ್ಲಿ ಓ.ಆರ್.ಎಸ್. ಕುಡಿಸಲು ಆರಂಭಿಸಿ, ನಂತರ ಆಸ್ಪತ್ರೆಯ ದಾರಿ ಹಿಡಿಯಬೇಕು. ಮಕ್ಕಳಿಗೆ ವೈದ್ಯರ ಸಲಹೆಯಂತೆ 14 ದಿನಗಳ ಸತುವಿನ ಮಾತ್ರೆಯನ್ನೂ ಪೂರ್ಣಗೊಳಿಸಬೇಕು.

ವಿಷಮಶೀತ ಜ್ವರದ ಸಂಗತಿ

ಇಲ್ಲಿ ಬೇರೊಂದು ರೂಢಿಯ ಬಗ್ಗೆ ಹೇಳದಿರಲಾಗದು. ಜ್ವರ ಬಂದ ಎರಡನೆಯ ದಿನವೇ ವಿಡಾಲ್ ಪರೀಕ್ಷೆ ಮಾಡಿಸಿ, ಟೈಫಾಯಿಡ್ ಎಂದು ನಿರ್ಧರಿಸಿ, ಇಂಜೆಕ್ಷನ್ ಆರಂಭಿಸುವುದು ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯವಾಗಿದೆ. 1896ರಷ್ಟು ಹಳೆಯದಾದ ಈ ಪರೀಕ್ಷೆಯು ರೋಗಾಣುವನ್ನು ಹುಡುಕುವುದಿಲ್ಲ. ರಕ್ತದಲ್ಲಿರುವ ಪ್ರತಿಕಾಯವನ್ನು ಮಾತ್ರ ಅಳೆಯುತ್ತದೆ. ರೋಗವು ಆಗಾಗ್ಗೆ ಕಾಣಿಸಿಕೊಳ್ಳುವ ನಾಡಿನಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಅದು ಇರಬಹುದು, ನಿಜವಾದ ರೋಗಿಯ ರಕ್ತದಲ್ಲಿ ಮೊದಲ ವಾರ ಇಲ್ಲದಿರಬಹುದು. ಒಂದೇ ಬಾರಿ ಮಾಡಿಸಿದ ವಿಡಾಲ್ ವರದಿಯನ್ನು ನಂಬಿ ಹಣ ಖರ್ಚು ಮಾಡುವುದಕ್ಕಿಂತ, ಮೊದಲ ವಾರದಲ್ಲಿ ಆಂಟಿಬಯಾಟಿಕ್‌ಗೆ ಮುನ್ನ ರಕ್ತದ ಕಲ್ಚರ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಸೂಕ್ತ. ಹಿಂದೆ ಸುಲಭವಾಗಿ ಕೆಲಸ ಮಾಡುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ಭಾರತದಲ್ಲಿ ಈ ರೋಗಾಣುವು ಈಗ ಬಹುಮಟ್ಟಿಗೆ ಮಣಿಯುತ್ತಿಲ್ಲವಾದ್ದರಿಂದ, ಯಾವ ಔಷಧಿ ಫಲಿಸುವುದೆಂದು ತಿಳಿಸುವ ಕಲ್ಚರ್ ವರದಿಗೆ ಮೊದಲಿಗಿಂತ ಹೆಚ್ಚಿನ ಬೆಲೆ ಬಂದಿದೆ.

ನೀರಿನ ಪರೀಕ್ಷೆ

ರೋಗಿಯ ಮಲದಲ್ಲಿ ಇ. ಕೋಲಿ ಇರುವುದು ಸಹಜವಾದರೆ, ಕುಡಿಯುವ ನೀರಿನಲ್ಲಿ ಅದೇ ಬ್ಯಾಕ್ಟೀರಿಯಾ ಕಂಡುಬರುವುದು ಗಂಭೀರ ಸಂಗತಿ. ಮಲ ಸೇರಿದೆಯೆಂಬುದಕ್ಕೆ ಅದು ಸಾಕ್ಷಿ. ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇದು ಸ್ವಲ್ಪವೂ ಕಂಡುಬರಕೂಡದು. ಕ್ಲೋರಿನ್ ಬಳಸಿದ ನೀರಿನಲ್ಲಿ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದೇವೆಂಬ ಉತ್ತರ ಸಾಲದು. ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಅದು ಉಳಿದಿದೆಯೇ ಎಂಬುದು ಮುಖ್ಯ.

ಗ್ರಾಮಮಟ್ಟದಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೂ ಇದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನದಂತೆ, ವಿಶೇಷ ಕಾಗದದ ಪಟ್ಟಿಯುಳ್ಳ ಸೀಸೆಗೆ ನೀರು ತುಂಬಿಸಿಡಲಾಗುತ್ತದೆ. ನೀರು ಕಪ್ಪಾದಲ್ಲಿ ಮಲದ ಸೋಂಕಿನ ಶಂಕೆ ಇದೆಯೆಂದರ್ಥ. ಇದು ರೋಗಾಣುವಿನ ಹೆಸರು ಹೇಳುವುದಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ 5 ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡುವ ವ್ಯವಸ್ಥೆಯನ್ನು ರೂಪಿಸಲಾಗಿದ್ದು, ತಮ್ಮ ಗ್ರಾಮದಲ್ಲಿ ಆ ಕಿಟ್ ಎಲ್ಲಿದೆ, ಕೊನೆಯದಾಗಿ ಯಾವಾಗ ಬಳಸಲಾಯಿತೆಂದು ಗ್ರಾಮಸಭೆಯಲ್ಲಿ ಕೇಳಬಹುದು. ನೀರಿನ ಮಾದರಿಯ ಪರೀಕ್ಷೆ ಬಯಸುವವರು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸತಕ್ಕದ್ದು. ಮನವಿಯಲ್ಲಿ ನಲ್ಲಿ ಅಥವಾ ಕೊಳವೆಬಾವಿ ಇರುವ ಸ್ಥಳ, ನೀರಿನ ಬಣ್ಣ ಅಥವಾ ವಾಸನೆ ಬದಲಾದ ದಿನಾಂಕ, ಅಸ್ವಸ್ಥರಾದವರ ಸಂಖ್ಯೆಗಳನ್ನು ನಮೂದಿಸಿ, ಸ್ವೀಕೃತಿ ಪಡೆಯಬೇಕು.

ಒಂದೇ ಓಣಿಯಲ್ಲಿ ಒಂದೆರಡು ದಿನಗಳೊಳಗೆ ಹಲವರಿಗೆ ವಾಂತಿ-ಭೇದಿ ಕಾಣಿಸಿಕೊಂಡಲ್ಲಿ ಮನವಿ, ವರದಿಗಳಿಗೆ ಕಾಯದೆ ಆಶಾ ಕಾರ್ಯಕರ್ತೆಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಡಿ ಇಂತಹ ಮಾಹಿತಿಯು ಜಿಲ್ಲಾ ಕಣ್ಗಾವಲು ಘಟಕಕ್ಕೆ ತಲುಪುತ್ತದೆ. ಅಲ್ಲಿಯವರೆಗೆ ಆ ನಲ್ಲಿಯ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯತಕ್ಕದ್ದು.