ಹಿಂದ ನಿಂತವ್ರ ಪಾಲು

ಹೋದ ಸಲ ನಮ್ಮ ಇಂಡಿ ಲಿಂಬಿಕಾಯಿ ಉಪ್ಪಿನಕಾಯಿ ಬಗ್ಗೆ ಬರದಿದ್ದೆ. ಈ ಸಲ ಕ್ರಿಕೆಟ್ ಬಗ್ಗೆ ಬರೀತೀನಿ, ನಗಬ್ಯಾಡ್ರಿ. ಆಟದ ಲೆಕ್ಕ ನನಗ ಪೂರಾ ತಿಳೀತದ ಅಂತ ಅಲ್ಲ. ನಮ್ಮ ಮನ್ಯಾಗ ಟಿವಿ ಇರೂದು ಪಡಸಾಲ್ಯಾಗ, ಅಡಗಿಮನಿ ಬಾಗಲದಾಗಿಂದ ನೆಟ್ಟಗ ಕಾಣ್ತದ. ಮೂವತ್ತು ವರ್ಷ ರೊಟ್ಟಿ ಬಡ್ಕೋತನ ನೋಡೀನಿ. ಎರಡು ರೊಟ್ಟಿ ಬೇಯೂದ್ರಾಗ ಒಂದು ಓವರ್ ಮುಗೀತಿತ್ತು.

ಎಲ್ಲಾರೂ ಬ್ಯಾಟ್ ಹಿಡದಾವ್ನ ಮಾರಿ ನೋಡ್ತಾರ. ನನ್ನ ಕಣ್ಣು ಮಾತ್ರ ಅವನ ಹಿಂದ ಕುಕ್ಕರಗಾಲಿಲೆ ಕುಂತ ಕೀಪರ್ ಮ್ಯಾಲ ಹೋಗ್ತದ. ಐವತ್ತು ಓವರ್ ಅಂದ್ರ 300 ಚೆಂಡು. 300 ಸಲ ಕುಂದ್ರಬೇಕು, 300 ಸಲ ಏಳಬೇಕು. ನಮ್ಮ ಮೊಣಕಾಲು ಇದ್ರ ಹತ್ತನೇದಕ್ಕ ಯವ್ವಾ ಅಂತಾವ. ಬಂದದ್ದೆಲ್ಲಾ ಹಿಡದ್ರ ಯಾರೂ ಕೇಳೂದಿಲ್ಲ. ಒಂದು ಕೈ ಬಿಟ್ಟ ಅಂದ್ರ ಪಡಸಾಲ್ಯಾಗಿನ ಗಂಡಸ್ರೆಲ್ಲಾ ಕೂಡಿ ಒದರ್ತಾರ. ಸಾರಿಗೆ ಉಪ್ಪು ಸರಿ ಬಿದ್ದ ದಿನ ನಮ್ಮ ಮನ್ಯಾಗೂ ಯಾರೂ ಮಾತಾಡೂದಿಲ್ಲ, ನಿಮ್ಮ ಮನ್ಯಾಗ ಮಾತಾಡ್ತಾರೇನ್ರಿ?

2003ರ ವಿಶ್ವಕಪ್ಪಿನ್ಯಾಗ ಆ ಕೆಲಸ ಮಾಡಿದಾಂವ ನಮ್ಮ ರಾಹುಲ್ ದ್ರಾವಿಡ್. ಅಂವ ಅಂತ ಬರೀತೀನಿ, ನನಗಿಂತ ಸಣ್ಣಾಂವ, 1973ರಾಗ ಹುಟ್ಯಾನ. ಸಾಲ್ಯಾಗಿದ್ದಾಗ ಕೀಪಿಂಗ್ ಮಾಡಿದ್ದನಂತ, ಆಮ್ಯಾಲ ಬಿಟ್ಟು ಬ್ಯಾಟಿಂಗ್ ಹಿಡದ. 1996ರಾಗ ಲಾರ್ಡ್ಸ್ ಅಂಗಳದಾಗ ಮೊದಲ ಟೆಸ್ಟ್ ಆಡಿ 95 ಹೊಡದಾಗ ಅಂವ ಬರೇ ಬ್ಯಾಟ್ಸಮನ್. ಆದ್ರ ಮುಂದ ತಂಡಕ್ಕ ಇನ್ನೊಬ್ಬ ಬ್ಯಾಟಿನಾಂವ ಬೇಕಾತು. ಜಾಗಾ ಇಲ್ಲ. ಹಂಗಂತ, ಕೀಪರ್ ಕೆಲಸಾನೂ ನೀನ ಮಾಡಿಬಿಡು ಅಂದ್ರು. ಈ ಮಾತು ನಮಗ ಹೊಸಾದಲ್ಲ. ಮದುವ್ಯಾಗಿ ಬಂದ ವರ್ಷ, ಹ್ಯಾಂಗೂ ಒಲಿ ಮುಂದ ಇದ್ದೀಯಲ್ಲ, ದನದ ನೀರೂ ಕಾಸಿಬಿಡು ಅಂದಿದ್ರು ನನಗ. ಹ್ಯಾಂಗೂ ಅನ್ನೂ ಮಾತಿನ ಮ್ಯಾಲ ನನಗ ಇವತ್ತಿಗೂ ಸಿಟ್ಟದ.

ಅಂವ ಆ ವಿಶ್ವಕಪ್ಪಿನ ಎಲ್ಲಾ ಆಟದಾಗೂ ಕೀಪಿಂಗ್ ಮಾಡ್ದ. ಮಾರ್ಚ್ 23ಕ್ಕ ಐತವಾರ ಜೋಹಾನ್ಸ್‌ಬರ್ಗಿನ್ಯಾಗ ಫೈನಲ್. ಆಸ್ಟ್ರೇಲಿಯಾದವ್ರು ಎರಡ ವಿಕೆಟ್ ಕಳಕೊಂಡು 359 ಹೊಡದ್ರು. ಅಷ್ಟೂ ಹೊತ್ತು ಕುಂತು ಎದ್ದು ಮಾಡಿ, ಹರಭಜನ್ ಚೆಂಡಿಗೆ ಹೇಡನ್‌ನ ಕ್ಯಾಚ್ ಹಿಡದು, ಮತ್ತ ಬ್ಯಾಟ್ ಹಿಡ್ಕೊಂಡು ಬಂದು 47 ಮಾಡ್ದ. ನಾವು 125 ರನ್ನಿಲೆ ಸೋತ್ವಿ. ಮರುದಿನ ಓಣ್ಯಾಗ ಬೈಸ್ಕೊಂಡವ್ರ ಹೆಸರು ಬ್ಯಾರೆ, ಹೊಗಳಿಸ್ಕೊಂಡವ್ರ ಹೆಸರೂ ಬ್ಯಾರೆ. ಇವನ ಹೆಸರು ಎರಡರಾಗೂ ಇರಲಿಲ್ಲ.

ಇವನಕಿಂತ ಮೊದಲು ನಮ್ಮ ಕರ್ನಾಟಕದ ಕಿರ್ಮಾನಿ ಇದ್ರು. 1983ರಾಗ ಜಿಂಬಾಬ್ವೆ ಕೂಡ ಆಡೂಮುಂದ ಕಪಿಲ್ ದೇವ್ 175 ಹೊಡದದ್ದು ಎಲ್ಲಾರಿಗೂ ಬಾಯಿಪಾಠ. ಆ ಹೊತ್ತಿನ್ಯಾಗ ಇನ್ನೊಂದು ತುದ್ಯಾಗ 24 ಮಾಡ್ಕೊಂಡು ಕಡೀತನ ಔಟಾಗದ ನಿಂತಾಂವ ಯಾರು ಅಂತ ನಮ್ಮನಿಯವ್ರಿಗೆ ಕೇಳ್ದೆ. ಐದು ನಿಮಿಷ ತಲಿ ಕೆರಕೊಂಡ್ರು. ಕೀಪರ್ ಕಿರ್ಮಾನಿನ ನಿಂತಿದ್ರು ರೀ. ಇಬ್ಬರೂ ಕೂಡಿ 126 ರನ್ ಕೂಡಿಸ್ಯಾರ.

ಮಗ ಒಂದಿನ ಮೊಬೈಲಿನ್ಯಾಗ ಅಮೆರಿಕಾದವ್ರ ಬೇಸ್‌ಬಾಲ್ ತೋರಿಸ್ದ. ಅಲ್ಲೂ ಹೊಡ್ಯಾವ್ನ ಹಿಂದ ಒಬ್ಬಾಂವ ಮಾರಿಗೆ ಜಾಳಗಿ ಕಟ್ಕೊಂಡು ಕುಕ್ಕರಗಾಲಿಲೆ ಕುಂತಿರ್ತಾನ, ಕ್ಯಾಚರ್ ಅಂತ ಅವನ ಹೆಸರು. ಬಾಕಿ ಎಂಟೂ ಮಂದಿ ಹೊಡ್ಯಾವ್ನ ಕಡಿ ಮಾರಿ ಮಾಡಿ ನಿಂತ್ರ ಇಂವ ಒಬ್ಬಾಂವ ಅವ್ರೆಲ್ಲಾರ ಕಡಿ ಮಾರಿ ಮಾಡಿರ್ತಾನ. ಇಡೀ ಅಂಗಳ ಇವನ ಕಣ್ಣಾಗ. ಅದಕ್ಕ ಆಟ ಬಿಟ್ಟ ಮ್ಯಾಲ ಕಲಸಾವ್ರು, ತಂಡ ನಡಸಾವ್ರು ಆದವ್ರೊಳಗ ಕ್ಯಾಚರ್‌ಗಳು ಭಾಳ ಅದಾರಂತ. ಯೋಗಿ ಬೆರ್ರಾ ಅಂತ ಒಬ್ಬಾಂವ, ನ್ಯೂಯಾರ್ಕಿನ ಯಾಂಕೀಸ್ ತಂಡದಾಗ ಆಡಿ ಹತ್ತು ಸಲ ವರ್ಲ್ಡ್ ಸೀರೀಸ್ ಗೆದ್ದು, ಆಮ್ಯಾಲ ಅದ ತಂಡ ನಡಸ್ಯಾನ. ಯೋಗಿ ಅಂದ ಕೂಡಲೆ ನಮ್ಮ ಕಡ್ಯಾವ್ನೇನು ಅಂತ ಕೇಳಿದ್ದೆ, ಮಗ ಬಿದ್ದು ಬಿದ್ದು ನಕ್ಕ.

ದ್ರಾವಿಡನೂ ಹಂಗ ಕಲಸಾಂವ ಆದ. 2012ರಾಗ ಟೆಸ್ಟ್ ಬಿಟ್ಟ. 2015ರಿಂದ 19 ವರ್ಷದೊಳಗಿನ ಹುಡುಗರ ತಂಡಕ್ಕ ಕೋಚ್. ದೊಡ್ಡ ಆಟಗಾರ ಸಣ್ಣ ಹುಡುಗರ ಜೋಡಿ ಯಾಕ ಹೋಗ್ಯಾನ ಅಂದವ್ರೂ ಇದ್ರು. 2018ರಾಗ ಆ ಹುಡುಗರು ನ್ಯೂಜಿಲೆಂಡಿನ್ಯಾಗ ವಿಶ್ವಕಪ್ ಗೆದ್ರು. ಈಗ ನಾನು ಹೇಳಬೇಕಂದ ಮಾತಿಗೆ ಬರ್ತೀನಿ, ಒಲಿ ಸಣ್ಣ ಮಾಡಿ ಓದ್ರಿ.

ಕಪ್ ಬಂದ ಮ್ಯಾಲ ಬೋರ್ಡಿನವ್ರು ಬಹುಮಾನ ಸಾರಿದ್ರು. ದ್ರಾವಿಡಗ 50 ಲಕ್ಷ, ಅವನ ಜೋಡಿ ದುಡದ ಬಾಕಿ ತರಬೇತಿ ಮಂದಿಗೆ ತಲಾ 20 ಲಕ್ಷ. ಇಂವ ಸುಮ್ನ ಇಸ್ಕೊಳ್ಳಲಿಲ್ಲ. ಎಲ್ಲಾರೂ ಕೂಡೇ ದುಡದೀವಿ, ನನಗೊಂದು ಅವ್ರಿಗೊಂದು ಯಾಕ ಅಂತ ಕೇಳ್ದ. ಕಡೀಕ ಎಲ್ಲಾರಿಗೂ ತಲಾ 25 ಲಕ್ಷ ಆತು. ಅಂದ್ರ ತನ್ನ ಪಾಲು ಅರ್ಧ ಆತು. 2024ರ ಜೂನ್ 29ಕ್ಕ ಬಾರ್ಬಡೋಸಿನ್ಯಾಗ ದಕ್ಷಿಣ ಆಫ್ರಿಕಾನ್ನ 7 ರನ್ನಿಲೆ ಸೋಲಿಸಿ ಟಿ-20 ವಿಶ್ವಕಪ್ ಗೆದ್ದಾಗ್ಲೂ ಹಂಗ. ಮುಖ್ಯ ಕೋಚ್ ಅಂತ ಇವಗ 5 ಕೋಟಿ, ಜೋಡಿ ಕೋಚ್‌ಗಳಿಗೆ ಎರಡೂವರಿ ಕೋಟಿ. ನನಗೂ ಎರಡೂವರಿನ ಸಾಕು ಅಂದ ಅಂತ ಪೇಪರಿನ್ಯಾಗ ಬಂತು.

ಮಗ ಅದನ್ನ ಓದಿ ಹೇಳೂಮುಂದ ನಾನು ಟ್ರಂಕಿನ್ಯಾಗಿನ ಸೀರಿ ಬಿಸಲಿಗೆ ಹಾಕಾಕತ್ತಿದ್ದೆ. ಕೈಯಾಗ ಒಂದು ಇಲಕಲ್ ಸೀರಿ ಇತ್ತು, ಘಳಿಗಿ ಮುರದಿರಲಿಲ್ಲ.

ಅದರ ಹಿಂದಿನ ಬ್ಯಾಸಗ್ಯಾಗ ಸಿಂದಗ್ಯಾಗ ನಮ್ಮ ತಮ್ಮನ ಮಗಳ ಮದುವಿ ಇತ್ತು. ಅಡಗಿ ಉಸ್ತುವಾರಿ ನಂದು. ಉಸ್ತುವಾರಿ ಅಂದ್ರ ಏನ್ರಿ, ಎಣಗಾಯಿಗೆ ಎಣ್ಣಿ ಎಷ್ಟು, ಹೋಳಿಗಿಗೆ ಬೆಲ್ಲ ಎಷ್ಟು ಅಂತ ಹೇಳ್ಕೋತ ಅಡ್ಡಾಡೂದು. ಹಿಂದಿನ ದಿನ ಸಂಜಿಗೆ ಕುಂತು ಬೆಳತನಕ ರೊಟ್ಟಿ ಬಡದಾಕಿ ನಮ್ಮ ನೆಗೆಣ್ಣಿ. ಒಲಿ ಹೊಗಿಗೆ ಆಕಿ ಕಣ್ಣು ಕೆಂಪಗ ಆಗಿದ್ವು. ಆಕಿ ಜೋಡಿ ಮುದ್ದೇಬಿಹಾಳದ ನಮ್ಮ ಚಿಗವ್ವನ ಮಗಳು, ಓಣಿಯ ಇನ್ನೂ ನಾಕು ಮಂದಿ. ಮದುವಿ ಮುಗದ ಮ್ಯಾಲ ಉಡಿ ತುಂಬಿದ್ರು. ನನಗ ಇಲಕಲ್ ಸೀರಿ, ಅವ್ರಿಗೆಲ್ಲಾ ಒಂದೊಂದು ಖಣ. ನಾನು ಹಿರ್ಯಾಕಿ, ಮದುಮಗಳಿಗೆ ಸೋದರತ್ತಿ, ಅದು ಪದ್ಧತಿನ. ನಾನು ಸೆರಗು ಒಡ್ಡಿ ಇಸ್ಕೊಂಡೆ. ಆಗಳೇ ನನ್ನ ಟ್ರಂಕಿನ್ಯಾಗ ಏಳು ಇಲಕಲ್ ಇದ್ವು.

ಇಂಡಿಗೆ ವಾಪಸ್ ಬರೂಮುಂದ ಬಸ್ಸಿನ್ಯಾಗ ನೆಗೆಣ್ಣಿ ನನ್ನ ಬಾಜೂಕ ಕುಂತಿದ್ಲು. ಸೀರಿ ಅಂಚು ಮುಟ್ಟಿ ನೋಡಿ, ಅಕ್ಕಾ ಬಣ್ಣ ಛಲೋ ಅದ ಅಂದ್ಲು. ಅಷ್ಟ. ಆಮ್ಯಾಲ ಖಿಡಕಿ ಕಡಿ ತಿರಗಿ ಮಲಗಿದ್ಲು. ಆ ಸೀರಿ ನಾನು ಒಂದು ಸಲಾನೂ ಉಟ್ಟಿಲ್ಲ.

ನಮ್ಮನಿಯವ್ರಿಗೆ ಈ ಮಾತು ಹೇಳಿದ್ರ, ದ್ರಾವಿಡಗೇನು ಕಮ್ಮಿ ಅದ, ಕೋಟಿಗಟ್ಲೆ ಇದ್ದಾಂವ ಬಿಟ್ಟ ಅಂದ್ರು. ಇದ್ದವ್ರೆಲ್ಲಾ ಬಿಡ್ತಾರೇನ್ರಿ? ಎಂಟನೇದಕ್ಕ ನಾನ ಸೆರಗು ಒಡ್ಡಿದಾಕಿ. ಇನ್ನೊಂದು ಮಾತೂ ನನಗ ಸೇರೂದಿಲ್ಲ. ನಮ್ಮ ಕಡಿ ಹಿರಿಯಾರು ಸೊಸ್ತ್ಯಾರಿಗೆ ಬುದ್ಧಿ ಹೇಳೂಮುಂದ, ದ್ರಾವಿಡನ ಹಂಗ ತಾಳ್ಮಿ ಇರಬೇಕು, ಗ್ವಾಡಿ ಹಂಗ ನಿಂದ್ರಬೇಕು ಅಂತಾರ. ತಾಳ್ಮಿ ಅಂದ್ರ ಬಾಯಿ ಮುಚ್ಕೊಂಡು ಇರೂದು ಅಂತ ತಿಳದಾರ ಇವ್ರು. ಪಾಲು ತಪ್ಪಾದಾಗ ಅಂವ ಬಾಯಿ ಬಿಟ್ಟು ಕೇಳ್ಯಾನ, ಅದೂ ತನ್ನ ಸಲುವಾಗಿ ಅಲ್ಲ. ಬಾರ್ಬಡೋಸಿನ್ಯಾಗ ಕೊಹ್ಲಿ ಕಪ್ ಕೈಯಾಗ ಕೊಟ್ಟಾಗ ಒದರಿದ್ದು ನೋಡೀರಿಲ್ಲ? ಹಿಂದಿನ ವರ್ಷ ನವೆಂಬರ್ 19ಕ್ಕ ಅಹಮದಾಬಾದಿನ ಫೈನಲ್ ಸೋತಿತ್ತು. 2007ರಾಗ ಇದ ವೆಸ್ಟ್ ಇಂಡೀಸಿನ್ಯಾಗ ಇಂವ ಕ್ಯಾಪ್ಟನ್ ಇದ್ದಾಗ ತಂಡ ಮೊದಲ ಸುತ್ತಿನ್ಯಾಗ ಮನಿಗೆ ಬಂದಿತ್ತು. ಎಲ್ಲಾ ಹೊಟ್ಟ್ಯಾಗ ಇಟ್ಕೊಂಡಾಂವ ಅವತ್ತು ಸಣ್ಣ ಹುಡುಗನಂಗ ಚೀರ್ದ. ಸೊಸಿ ಹಂಗ ಒಂದು ಸಲ ಚೀರಿದ್ರ ಇದ ಹಿರಿಯಾರು ಏನಂತಾರ ಅಂತ ಕೇಳಬೇಕಾಗ್ಯದ.

ಈಗ ಬರೂ ಮಾಘದಾಗ ಬಸವನ ಬಾಗೇವಾಡ್ಯಾಗ ನಮ್ಮ ಮೈದುನನ ಮಗನ ಮದುವಿ ಅದ. ಅಡಗಿ ಉಸ್ತುವಾರಿ ಮತ್ತ ನನಗ ಬಂದದ. ಒಪ್ಕೊಳ್ಳೂಕಿಂತ ಮೊದಲ ಒಂದು ಮಾತು ಹೇಳಿಬಿಟ್ಟೀನಿ. ಅಡಗಿ ಮನ್ಯಾಗ ದುಡ್ಯಾಕ ಕುಂದ್ರಾವ್ರು ಹನ್ನೊಂದು ಮಂದಿ. ಕೊಟ್ರ ಹನ್ನೊಂದೂ ಮಂದಿಗೆ ಒಂದ ಥರದ ಸೀರಿ, ಆಗೂದಿಲ್ಲಂದ್ರ ಹನ್ನೊಂದೂ ಮಂದಿಗೆ ಖಣ, ನನಗೂ ಖಣ. ಮೈದುನ ಖರ್ಚಿನ ಲೆಕ್ಕ ತಗದ. ಹಿರೇ ಅತ್ತ್ಯಾರು, ಮಾನ ಪಾನ ಅಂತ ಇರ್ತದವ್ವಾ, ಹಿರ್ಯಾಕಿಗೂ ರೊಟ್ಟಿ ಬಡ್ಯಾಕಿಗೂ ಒಂದ ಹ್ಯಾಂಗ ಅಂದ್ರು. ರೊಟ್ಟಿ ಬಡದಾಕಿ ನಿಮ್ಮ ಸೊಸಿನ ಅಂದೆ. ಎರಡು ದಿನ ಮಾತು ಬಿಟ್ಟಿದ್ರು, ನಿನ್ನೆ ಚಾ ಕೇಳ್ಯಾರ.

ಇಲಕಲ್ ಆಗೂದಿಲ್ಲ, ಅದು ನನಗೂ ಗೊತ್ತದ. ಕಾಟನ್ ಸೀರಿ ಹನ್ನೊಂದು ಒಮ್ಮೆ ತಗೊಂಡ್ರ ಎಷ್ಟು ಬಿಡ್ತೀರಿ ಅಂತ ಇಂಡಿ ಬಜಾರದ ಅಂಗಡಿಗೆ ಫೋನ್ ಮಾಡಿ ಕೇಳೀನಿ. ಸ್ವಾಮವಾರ ಹೋಗಿ ನೋಡೂದದ. ಬಣ್ಣ ಆರಿಸಾಕ ನೆಗೆಣ್ಣಿಗೆ ಬಾ ಅಂದೀನಿ. ಸಿಂದಗಿ ಸೀರಿ ಮಾತು ಇನ್ನೂ ಆಕಿ ಮುಂದ ತಗದಿಲ್ಲ, ಅಂಗಡಿಗೆ ಹೋಗೂ ದಾರ್ಯಾಗ ತಗೀಬೇಕಂತ ಮಾಡೀನಿ.