ಲೋಟ ಕೈಬದಲಾದ ಗಳಿಗೆ

1971 ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಡಿಸೆಂಬರ್ 16ರ ಢಾಕಾ. ಮೇಜಿನ ಮುಂದೆ ಕುಳಿತ ಇಬ್ಬರು ಸೇನಾನಿಗಳು, ಪಾಕಿಸ್ತಾನಿ ಸೇನೆಯ ಶರಣಾಗತಿಯ ಪತ್ರ, ಸುಮಾರು 93,000 ಯುದ್ಧಕೈದಿಗಳು. ಅದೇ ವರ್ಷದ ಮಳೆಗಾಲದಲ್ಲಿ, ಗಡಿಯ ಈಚೆ ಬದಿಯಲ್ಲಿ, ಪಶ್ಚಿಮ ಬಂಗಾಳದ ಬೊಂಗಾಂವ್‌ನಲ್ಲಿ ನಡೆದದ್ದನ್ನು ಇತಿಹಾಸದ ಪಾಠದಲ್ಲಿ ನಾನು ಓದಿದ್ದಿಲ್ಲ. ಈ ಎರಡರಲ್ಲಿ ಜಗತ್ತಿನ ಹೆಚ್ಚು ಮನೆಗಳನ್ನು ಮುಟ್ಟಿದ್ದು ಯಾವುದು ಎಂದು ಕೇಳಿದರೆ, ಬೊಂಗಾಂವ್ ಎಂದೇ ನನ್ನ ಉತ್ತರ.

ಪೂರ್ವ ಪಾಕಿಸ್ತಾನದಿಂದ ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಮಳೆ, ಕೆಸರು, ಕಿಕ್ಕಿರಿದ ಶಿಬಿರಗಳ ನಡುವೆ ಕಾಲರಾ ಎದ್ದಿತು. ವಾಂತಿಭೇದಿಯಲ್ಲಿ ಮೈಯ ನೀರು, ಲವಣವೆಲ್ಲ ಹರಿದುಹೋಗಿ ಕೆಲವೇ ಗಂಟೆಗಳಲ್ಲಿ ಜೀವವೇ ಹೋಗುವ ರೋಗ ಅದು. ಆಗಿನ ಚಿಕಿತ್ಸೆಯೆಂದರೆ ರಕ್ತನಾಳಕ್ಕೆ ಸಲೈನ್ ಏರಿಸುವುದು. ಕಲ್ಕತ್ತೆಯಿಂದ ಬಂದ ಡಾ. ದಿಲೀಪ್ ಮಹಲನಬೀಸ್ ಆಸ್ಪತ್ರೆಯ ಕೋಣೆಗಳ ನೆಲದ ಮೇಲೆ, ವಾಂತಿ ಮಲಗಳ ನಡುವೆ ಮಲಗಿದ್ದ ರೋಗಿಗಳ ಪಕ್ಕ ಮಂಡಿಯೂರಿ ಸೂಜಿ ಚುಚ್ಚಿದರು. ಸಲೈನ್ ಬಾಟಲಿಗಳು ಬೇಗ ಮುಗಿಯುತ್ತಾ ಬಂದವು. ಸೂಜಿ ಹಾಕಬಲ್ಲವರು ಮೊದಲೇ ಕಡಿಮೆ.

ಆಗ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಬೆರೆಸಿ ಕುಡಿಸಲು ತೊಡಗಿದರು. ಪುಡಿಯನ್ನು ಕಲ್ಕತ್ತೆಯಲ್ಲಿ ಅಳೆದು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ತರುತ್ತಿದ್ದರು. ಶಿಬಿರದಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ಅದನ್ನು ಕಲಸಿಡುತ್ತಿದ್ದರು. ಲೋಟ ತಂದು ತುಂಬಿಕೊಂಡು ಹೋಗಿ ಕುಡಿಸುತ್ತಿದ್ದವರು ರೋಗಿಯ ಅಮ್ಮ, ಅಣ್ಣ, ಗಂಡ, ಪಕ್ಕದ ಡೇರೆಯವರು. ಹೀಗೆ ಎರಡು ತಿಂಗಳಲ್ಲಿ 3,700ರಷ್ಟು ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು. ಮೊದಲು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ರಸಾಯನಶಾಸ್ತ್ರ ಹೊಸದೇನಲ್ಲ. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಒಳಹೋಗುತ್ತದೆ, ಕಾಲರಾ ಬಂದ ಕರುಳಿನಲ್ಲೂ ಆ ದಾರಿ ತೆರೆದೇ ಇರುತ್ತದೆ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಬಾಯಿಯ ಮೂಲಕ ಚಿಕಿತ್ಸೆ ನೀಡಿದ್ದನ್ನು ಪ್ರಕಟಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಆಸ್ಪತ್ರೆಯ ರೋಗಿಗಳ ಮೇಲೆ ಇದನ್ನು ಸಾಧಿಸಿ ತೋರಿಸಿದ್ದರು. ಹಾಗಿದ್ದೂ ವೈದ್ಯಲೋಕ ಹಿಂದೇಟು ಹಾಕುತ್ತಿತ್ತು. ಓದುಬರಹವಿಲ್ಲದ ಜನರ ಕೈಗೆ ಚಿಕಿತ್ಸೆ ಕೊಡುವುದು ಹೇಗೆಂಬುದೇ ಅದರ ಭಯ. ಬೊಂಗಾಂವ್ ಮುರಿದದ್ದು ಆ ಭಯವನ್ನು. ಸೂಜಿ ವೈದ್ಯನದ್ದು, ಲೋಟ ತಾಯಿಯದ್ದು. ನಾನು ತಿರುವು ಎನ್ನುವುದು ಇದನ್ನೇ.

ಇತಿಹಾಸಕ್ಕೆ ಇದು ಕಾಣದೇ ಹೋದದ್ದೇಕೆ? ದಾಖಲೆ ಬರೆಯುವುದು ಹೆಚ್ಚಾಗಿ ಆಳುವವರ ಕಚೇರಿ. ಅಲ್ಲಿ ಅಧಿಕಾರ ಕಿತ್ತುಕೊಂಡ ದಿನಕ್ಕೆ ತಾರೀಖಿದೆ, ಸಹಿಯಿದೆ. ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಟ್ಟ ದಿನಕ್ಕೆ ಅವೆರಡೂ ಇಲ್ಲ. ಸತ್ತವರಿಗೆ ಸ್ಮಾರಕ ಕಟ್ಟಬಹುದು. ಸಾಯದೆ ಉಳಿದ ಮಗು ಬೆಳೆದು, ಮದುವೆಯಾಗಿ, ತಾನು ಉಳಿದದ್ದನ್ನೇ ಅರಿಯದೆ ಬಾಳುತ್ತದೆ.

ಇದು ವೈದ್ಯಕೀಯದ ಕಥೆ, ವಿಜ್ಞಾನದ ಪುಸ್ತಕದಲ್ಲಿರಲಿ ಎನ್ನುವವರಿದ್ದಾರೆ. ಯುದ್ಧ ನಾಡುಗಳ ಗೆರೆ ಬದಲಿಸುತ್ತದೆ, ಉಪ್ಪು ಸಕ್ಕರೆ ಬದಲಿಸಿದ್ದೇನು ಎಂದೂ ಕೇಳಬಹುದು. ಉತ್ತರಕ್ಕೆ ಆ ಯುದ್ಧದಿಂದ ಹುಟ್ಟಿದ ದೇಶವನ್ನೇ ನೋಡೋಣ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿಹಳ್ಳಿ ಸುತ್ತಿ, ಒಂದು ಕೋಟಿ ಇಪ್ಪತ್ತು ಲಕ್ಷ ಮನೆಗಳ ಹೆಂಗಸರಿಗೆ ಕಲಿಸಿತು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವಳ ಸಂಬಳ ನಿಂತಿದ್ದು ಕಲಿತ ತಾಯಿಗೆ ಆಮೇಲೆ ಎಷ್ಟು ನೆನಪಿತ್ತು ಎಂಬುದರ ಮೇಲೆ. ಮನೆಯ ಸೊಸೆ ಅತ್ತೆಯ ಮುಂದೆ, ಊರ ಮುಂದೆ, ಮಗುವನ್ನು ಉಳಿಸಬಲ್ಲವಳಾದಳು. ಗಡಿಗೆರೆಗಿಂತ ಇದು ಸಣ್ಣ ಬದಲಾವಣೆಯೆಂದು ಒಪ್ಪಲು ನಾನು ಸಿದ್ಧನಿಲ್ಲ. ಢಾಕಾದ ಸಹಿ ಒಂದು ರಾಷ್ಟ್ರವನ್ನು ಹುಟ್ಟಿಸಿತು ನಿಜ. ಆ ರಾಷ್ಟ್ರದ ಮಕ್ಕಳನ್ನು ಬದುಕಿಸಿದ್ದರಲ್ಲಿ ಈ ಬೆಲ್ಲದ ನೀರಿಗೂ ಪಾಲಿದೆ. ಯುದ್ಧದ ಪಾಠವನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅದೇ ಪುಟದಲ್ಲಿ ಬೊಂಗಾಂವ್‌ನ ಡ್ರಮ್ಮಿಗೂ ನಾಲ್ಕು ಸಾಲು ಬೇಕು.

ನಮ್ಮ ಅಂಗನವಾಡಿಗಳಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇಂದು ಸಿಗುವ ಓಆರ್‌ಎಸ್ ಪೊಟ್ಟಣ ಆ ಡ್ರಮ್ಮಿನ ಸಂತತಿ. ಇದರಿಂದ ಉಳಿದ ಜೀವಗಳನ್ನು ಕೋಟಿಗಳಲ್ಲಿ ಅಂದಾಜು ಮಾಡುತ್ತಾರೆ. ಆದರೂ ಜಗತ್ತಿನಲ್ಲಿ ಐದು ವರ್ಷ ತುಂಬದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿವರ್ಷ ಭೇದಿಯಿಂದ ಸಾಯುತ್ತಿದ್ದಾರೆ. ಮಹಲನಬೀಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು ಮೂರು ತಿಂಗಳ ನಂತರ.