ರೀಡ್‌ಮಿಗೆ ಹೆಸರು ಸೇರಿಸೋ ಹುಡುಗರು

ಗೂಗಲ್ ಸಮ್ಮರ್ ಆಫ್ ಕೋಡ್ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇರುತ್ತೆ. 2005ರಲ್ಲಿ 400 ಚಿಲ್ಲರೆ ವಿದ್ಯಾರ್ಥಿಗಳಿಂದ ಶುರುವಾದದ್ದು. ಓಪನ್ ಸೋರ್ಸ್ ತಂಡವೊಂದನ್ನ ಆರಿಸಿಕೊಂಡು, ಏನು ಮಾಡ್ತೀನಿ ಅಂತ ಬರೆದು ಕಳಿಸಬೇಕು. ಒಪ್ಪಿಗೆಯಾದ್ರೆ ಆ ತಂಡದವರೇ ಒಬ್ಬರು ಮೆಂಟರ್ ಆಗಿ ಸಿಗ್ತಾರೆ, ಗೂಗಲ್ ಸ್ಟೈಪೆಂಡ್ ಕೊಡುತ್ತೆ. 2022ರಿಂದ ಕಾಲೇಜಲ್ಲಿ ಇರಲೇಬೇಕು ಅಂತಲೂ ಇಲ್ಲ, 18 ದಾಟಿದ ಹೊಸಬರು ಯಾರು ಬೇಕಾದ್ರೂ ಅರ್ಜಿ ಹಾಕಬಹುದು.

ಇದರಲ್ಲಿ ತಕರಾರೇನು ಅಂತೀರಾ? ನಾವು ಇದನ್ನ ಇನ್ನೊಂದು ಸಿಇಟಿ ಮಾಡಿಕೊಂಡಿದ್ದೀವಿ. 'ಕ್ರ್ಯಾಕ್ ಮಾಡೋದು ಹೇಗೆ' ಅನ್ನೋ ವಿಡಿಯೋಗಳು, ಹಳೇ ಪ್ರಶ್ನೆಪತ್ರಿಕೆ ತರ ಕೈಯಿಂದ ಕೈಗೆ ಹೋಗೋ ಹಳೇ ಪ್ರಸ್ತಾವನೆಗಳು, ಯಾವ ತಂಡದಲ್ಲಿ ಸೀಟು ಜಾಸ್ತಿ ಅನ್ನೋ ಲೆಕ್ಕಾಚಾರ...

2020ರ ಹ್ಯಾಕ್ಟೋಬರ್‌ಫೆಸ್ಟ್ ನೆನಪಿದೆಯಾ? ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್. ರೀಡ್‌ಮಿಯಲ್ಲಿ ಒಂದು ಪದ ತುರುಕಿದ ರಿಕ್ವೆಸ್ಟ್‌ಗಳು ರಾಶಿ ಬಿದ್ದು, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಡುವೆಯೇ ನಿಯಮ ಬದಲಾಯಿಸಬೇಕಾಯ್ತು. 2024ರಲ್ಲಿ ನಮ್ಮ ದೇಶದ್ದೇ ಒಂದು ವಿಡಿಯೋ ಪಾಠ ನೋಡಿದವರು ಎಕ್ಸ್‌ಪ್ರೆಸ್ ಪ್ರಾಜೆಕ್ಟಿನ ರೀಡ್‌ಮಿಗೆ ತಮ್ಮ ಹೆಸರು ಸೇರಿಸೋಕೆ ಮುಗಿಬಿದ್ರು. ಅದನ್ನೆಲ್ಲ ಒಂದೊಂದಾಗಿ ಮುಚ್ಚೋರು ಯಾರು? ಬಿಡುವಿನ ವೇಳೆಯಲ್ಲಿ ಪುಕ್ಕಟೆ ದುಡಿಯೋರು.

ಹುಡುಗರದ್ದೇ ತಪ್ಪು ಅನ್ನಲಾರೆ. ನಾನು ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ನನ್ನ ಕೋಡನ್ನ ಒಬ್ಬರೂ ಸಾಲುಸಾಲಾಗಿ ಓದಲಿಲ್ಲ. ಲ್ಯಾಬ್ ರೆಕಾರ್ಡಿನ ಇಂಡೆಕ್ಸ್ ಪುಟಕ್ಕೆ ಸಹಿ ಬಿದ್ರೆ ಮುಗೀತು. ಫೈನಲ್ ಇಯರ್ ಪ್ರಾಜೆಕ್ಟನ್ನ ದುಡ್ಡು ಕೊಟ್ಟು ತಂದವರೂ ಪಾಸಾದ್ರು. ಅಂಥಾ ಕಡೆಯಿಂದ ಬಂದವನಿಗೆ, ಮುಖ ಕಾಣದ ಯಾರೋ ಒಬ್ಬರು ಕೋಡ್ ಓದಿ "ಈ ಫಂಕ್ಷನ್ ಯಾಕೆ ಬೇಕು? ಟೆಸ್ಟ್ ಎಲ್ಲಿ?" ಅಂತ ಕೇಳೋದಿದೆಯಲ್ಲ, ಅದು ಸ್ಟೈಪೆಂಡಿಗಿಂತ ದೊಡ್ಡದು. ಐದಾರು ಸಲ ವಾಪಸ್ ಬಂದ ಪ್ಯಾಚು ಕೊನೆಗೆ ಸೇರಿದಾಗ ಕಲಿತಿರೋದು ಯಾವ ಸೆಮಿಸ್ಟರಲ್ಲೂ ಸಿಗಲ್ಲ. ಜೂನ್-ಜುಲೈ ಅಂದ್ರೆ ನಮ್ಮಲ್ಲಿ ಪರೀಕ್ಷೆ ಕಾಲ (ಬೇಸಿಗೆ ಅವರದ್ದು, ನಮ್ಮದಲ್ಲ :) ), ಆದ್ರೆ 2022ರಿಂದ ಕೆಲಸವನ್ನ 22 ವಾರದವರೆಗೂ ಎಳೀಬಹುದು. ಹಾಗಾಗಿ ಆ ನೆಪ ಸ್ವಲ್ಪ ಹಳೇದಾಯ್ತು.

ನನ್ನ ಹೊಟ್ಟೆಕಿಚ್ಚು ಬೇರೆಯದು. ಮಲಯಾಳಿಗಳ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ 2013ರಲ್ಲಿ ಇದೇ ಕಾರ್ಯಕ್ರಮದಲ್ಲಿ ಮೆಂಟರ್ ಸಂಸ್ಥೆಯಾಗಿತ್ತು. ತಮ್ಮ ನುಡಿಗೆ ಬೇಕಾದ ಕೆಲಸವನ್ನ ವಿದ್ಯಾರ್ಥಿಗಳ ಕೈಲಿ ಮಾಡಿಸಿಕೊಂಡ್ರು. ಕನ್ನಡದಲ್ಲಿ ಕೆಲಸ ಕಮ್ಮಿಯಾ? ವಿಭಕ್ತಿ ಹತ್ತಿದ ಪದಕ್ಕೆಲ್ಲ ಕೆಂಪು ಗೆರೆ ಎಳೆಯೋ ಸ್ಪೆಲ್ ಚೆಕ್ಕು, ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಚೆಲ್ಲಾಪಿಲ್ಲಿಯಾಗೋ ಒತ್ತಕ್ಷರ... ದಿನಾ ಕನ್ನಡ ಟೈಪ್ ಮಾಡೋ ಹುಡುಗಿಗೆ ರೀಡ್‌ಮಿ ಹುಡುಕಿಕೊಂಡು ಹೋಗೋ ಅಗತ್ಯ ಇಲ್ಲ, ತೊಂದರೆ ಎದುರಿಗೇ ಇದೆ. ಇಲ್ಲದಿರೋದು ಅವಳ ಕೋಡ್ ಓದೋರು.

ವಾರಕ್ಕೆ ನಾಲ್ಕೈದು ಗಂಟೆ ಕೊಡಬಲ್ಲ ಕೆಲವರು ಬೇಕು. ಸಂಸ್ಥೆಗಳ ಅರ್ಜಿ ಸಾಮಾನ್ಯವಾಗಿ ವರ್ಷದ ಮೊದಲ ಎರಡು ತಿಂಗಳಲ್ಲಿ ಶುರುವಾಗುತ್ತೆ. ನಾನೊಬ್ಬ ರೆಡಿ. ಇನ್ನು ಯಾರ್ಯಾರು ಬರ್ತೀರಿ?